ಬೂಟು ಬಿಚ್ಚಿಟ್ಟ ಕಳ್ಳ

ಗುರುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ನುಗ್ಗಿದ ದೂರುದಾರರ ಕೈಯಲ್ಲಿ ಮರದ ಕೊಡತಿ ಇತ್ತು. ಮೊದಲು ಅದನ್ನು ಮೇಜಿನ ಮೇಲಿಡಿ, ಆಮೇಲೆ ಮಾತು ಎಂದರು ದಫೇದಾರರು.

"ಸಾರ್, ಮೂರು ತಿಂಗಳ ಸೀಟು ಹೋಯ್ತು!"

"ಮೂರು ತಿಂಗಳು ಹಳೇದಾ?"

"ಹಳೇದಲ್ಲ ಸ್ವಾಮಿ, ಮೂರು ತಿಂಗಳು ಕೂತು ಕೆತ್ತಿದ್ದು!"

ದೂರುದಾರರ ವಯಸ್ಸು ಐವತ್ತೆರಡು, ಕಸುಬು ಮೋಟಾರ್‌ಸೈಕಲ್ಲುಗಳಿಗೆ ಚಿತ್ತಾರದ ಚರ್ಮದ ಸೀಟು ಮಾಡುವುದು. ಬೀದಿಯವರೆಲ್ಲ ಮೇಸ್ತ್ರಿ ಎನ್ನುತ್ತಾರೆ. ಇನ್ಸ್‌ಪೆಕ್ಟರ್ ಸುಮ್ಮನೆ ಕೇಳುತ್ತ ಕೂತರು. ಎದುರಿನವರು ಹೇಳಿ ಮುಗಿಸುವ ತನಕ ಕಾಯುವುದು ಅವರ ಸ್ವಭಾವ. ಮುಗಿಸಿದ ಮೇಲೂ ಒಂದಿಷ್ಟು ಕಾಯುವುದು ಅವರ ವಿದ್ಯೆ.

ಮೇಸ್ತ್ರಿ ಫೋನಿನಲ್ಲಿ ಸೀಟಿನ ಚಿತ್ರ ತೋರಿಸಿದರು. ಅಂಚಿಗೆ ಬಳ್ಳಿ, ಬಳ್ಳಿಯ ನಡುವೆ ನಗುತ್ತಿರುವ ಒಬ್ಬ ಹೆಂಗಸಿನ ಮುಖ. ಗಲ್ಲದ ಮೇಲೆ ಮಚ್ಚೆ, ಕಣ್ಣಂಚಿನ ಸುಕ್ಕು, ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು.

"ಯಾರಿದು?"

"ಗಿರಾಕಿಯ ತಾಯಿ. ತೀರಿಕೊಂಡು ಎರಡು ವರ್ಷ ಆಯ್ತಂತೆ. ಸಾರ್, ಇಪ್ಪತ್ತೆಂಟು ವರ್ಷ ಬರೀ ಎಲೆ, ಹೂವು, ಬಳ್ಳಿ ಕೆತ್ತಿದೆ. ಮುಖ ಅಂತ ಮಾಡಿದ್ದು ಇದೊಂದೇ. ಶನಿವಾರ ಬೈಕ್ ಪ್ರದರ್ಶನ. ಅಲ್ಲಿ ಇದನ್ನ ಇಡದಿದ್ರೆ ನಾನು ಸತ್ತ ಮೇಲೂ ಬಳ್ಳಿ ಮೇಸ್ತ್ರಿ ಅಂತಲೇ ಕರೀತಾರೆ."

ದಫೇದಾರರು ಚಿತ್ರವನ್ನು ಎರಡು ಸಲ ನೋಡಿದರು. ತಾವು ಕೂತಿದ್ದ ಕುರ್ಚಿಯನ್ನು ಒಂದು ಸಲ ನೋಡಿಕೊಂಡರು.

"ಸಾರ್, ಒಂದು ಮಾತು..."

"ಆಮೇಲೆ," ಎಂದರು ಇನ್ಸ್‌ಪೆಕ್ಟರ್. "ಮೇಸ್ತ್ರಿಗಳೇ, ಯಾರ ಮೇಲಾದರೂ ಅನುಮಾನ?"

"ಅನುಮಾನ ಯಾಕೆ, ಖಾತ್ರಿನೇ ಇದೆ. ಎದುರು ಅಂಗಡಿ ರೆಕ್ಸಿನ್‌ನವನು."

ಮೂರು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ನಾಲ್ಕೂ ಐದಕ್ಕೆ ಕ್ಷೌರದಂಗಡಿಯವರನ್ನೂ ಸೈಕಲ್ ಅಂಗಡಿಯವರನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಸ್ಥಳದ ಪಂಚನಾಮೆ ಶುರುವಾಯಿತು.

ಕೆಳಗೆ ಕೆಲಸದ ಕೋಣೆ, ಮಹಡಿಯಲ್ಲಿ ಮನೆ. ಹಿತ್ತಾಳೆ ಬಕಲ್ಲುಗಳು ಇದ್ದಲ್ಲೇ ಇದ್ದವು. ದುಬಾರಿ ಚಾಕುಗಳು ಗೋಡೆಯಲ್ಲಿ ಸಾಲಾಗಿ ಮಿನುಗುತ್ತಿದ್ದವು. ಹಿಂದಿನ ಕಿಟಕಿಯ ಕೊಂಡಿ ಮಾತ್ರ ಕಿತ್ತು ನೇತಾಡುತ್ತಿತ್ತು. ಕಿಟಕಿಯಾಚೆ, ನಲ್ಲಿಯ ಕೆಸರಿನಲ್ಲಿ ಎರಡು ದೊಡ್ಡ ಬೂಟುಗಳನ್ನು ಬಿಚ್ಚಿ ಅಕ್ಕಪಕ್ಕ ಜೋಡಿಸಿಟ್ಟ ಗುರುತು. ಒಳಗೆ, ನೆಲದ ಚರ್ಮದ ಪುಡಿಯ ಮೇಲೆ ಬರಿಗಾಲಿನ ಹೆಜ್ಜೆ.

"ಸದ್ದಾಗಬಾರದು ಅಂತ ಬಿಚ್ಚಿರಬೇಕು ಸಾರ್," ಎಂದರು ದಫೇದಾರರು.

"ಕೊಂಡಿ ಕಿತ್ತ ಸದ್ದಿಗೆ ಹೆದರದವನು ಬೂಟಿನ ಸದ್ದಿಗೆ ಹೆದರಿದನೆ?"

"ಹಾಗಾದ್ರೆ ಮರ್ಯಾದಸ್ಥ ಕಳ್ಳ. ನಮ್ಮ ಅಳಿಯಂಗೆ ಇಷ್ಟು ಬುದ್ಧಿ ಇಲ್ಲ."

ಕಿಟಕಿಯ ಕೆಳಗಿನ ಕಲ್ಲುಹಾಸಿನ ಮೇಲೆ ಹೊಸ ಚರ್ಮವೊಂದು ಹರಡಿತ್ತು. ದಫೇದಾರರು ಕೈ ಊರಲು ಹೋದರು. ಮೇಸ್ತ್ರಿ ಚೀರಿದರು.

"ಮುಟ್ಟಬೇಡಿ! ಕೆತ್ತೋಕೆ ಅಂತ ಹದವಾಗಿ ನೆನೆಸಿದ್ದು. ಈಗ ಉಗುರು ತಾಗಿದ್ರೂ ಗುರುತು ಉಳಿಯುತ್ತೆ. ಒಣಗಿದ್ರೆ ಕಲ್ಲಲ್ಲಿ ಕೊರೆದ ಹಾಗೆ."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. "ಹಾಗಾದರೆ ಇದು ಯಾರ ಕೈ?"

ಚರ್ಮದ ನಟ್ಟನಡುವೆ ಮೊರದಗಲದ ಅಂಗೈ. ಐದೂ ಬೆರಳು ಸ್ಪಷ್ಟ. ಉಂಗುರದ ಬೆರಳಿನ ಬುಡದಲ್ಲಿ, ಆರು ಕಡ್ಡಿಗಳ ಚಕ್ರ ಅಂಗೈ ಕಡೆಗೆ ತಿರುಗಿದ್ದ ಉಂಗುರದ ಅಚ್ಚು. ಕಿಟಕಿಯಿಂದ ಇಳಿಯುವಾಗ ಕಳ್ಳ ಕೈಯೂರಿ ತನ್ನ ರುಜು ಹಾಕಿ ಹೋಗಿದ್ದ.

"ಅಯ್ಯೋ, ಒಳ್ಳೇ ಚರ್ಮ ಹಾಳಾಯ್ತಲ್ಲ!" ಎಂದರು ಮೇಸ್ತ್ರಿ.

ಮೆಟ್ಟಿಲಿಳಿದು ಬಂದ ಮೇಸ್ತ್ರಿಯ ಹೆಂಡತಿ ಹೇಳಿಕೆ ಕೊಟ್ಟರು: ಮೇಸ್ತ್ರಿ ಊಟಕ್ಕೆ ಒಂದೂವರೆಗೆ ಮೇಲೆ ಹೋದದ್ದು, ಎರಡೂಕಾಲಿಗೆ ಇಳಿದಾಗ ಸೀಟು ಇಲ್ಲದ್ದು.

"ನಿನ್ನೆ ಯಾರಾದರೂ ಬಂದಿದ್ದರಾ ಅಮ್ಮ?"

"ಗುಡುಗಪ್ಪ ಬಂದಿದ್ದ, ಈ ಸೀಟಿನ ಗಿರಾಕಿ. ಅವನ ಗಾಡಿ ಸದ್ದಿಗೆ ನಾವಿಟ್ಟ ಹೆಸರು ಅದು. ಕೆಲಸ ಕ್ರೇನ್ ಓಡಿಸೋದು. ಸೀಟನ್ನ ಗಾಡಿಗಿಟ್ಟು ಎತ್ತರ ಸರಿಯಾಗಿದೆಯಾ ಕೂತು ನೋಡಪ್ಪಾ ಅಂದ್ರೆ ಒಂದು ಕಾಲೆತ್ತಿದ, ಕೊಕ್ಕರೆ ಹಾಗೆ ನಿಂತ, ಇಳಿಸಿದ. ಸೊಂಟ ನೋವು ಅಂತ ಹೊರಟೇಹೋದ. ನಾನು ಇವರಿಗೆ ಮೊದಲೇ ಹೇಳಿದ್ದೆ..."

"ನೀನು ಸುಮ್ನಿರೆ," ಎಂದರು ಮೇಸ್ತ್ರಿ.

ಎದುರಂಗಡಿಯ ರೆಕ್ಸಿನ್‌ನವರು ಕುಳ್ಳಗಿನ ಮನುಷ್ಯ. ಅವರ ಅಂಗೈಯನ್ನು ಚರ್ಮದ ಅಚ್ಚಿನ ಪಕ್ಕ ಹಿಡಿದರೆ ಅಪ್ಪನ ಪಕ್ಕ ಮಗು ಮಲಗಿದಂತಿತ್ತು.

"ನಾನು ಕದಿಯೋದಾ? ಇವರು ಒಂದು ಸೀಟು ಮಾಡೋಷ್ಟರಲ್ಲಿ ನಾನು ನಾನೂರು ಹೊಲಿದಿರ್ತೀನಿ. ಅದರಲ್ಲಿ ಅರ್ಧ ಹರಿದು ವಾಪಸ್ಸೂ ಬಂದಿರ್ತಾವೆ. ನನಗ್ಯಾಕೆ ಸಾರ್ ಕಲೆ?"

ಇನ್ಸ್‌ಪೆಕ್ಟರ್ ಮಾತಾಡದೆ ನಿಂತರು. ರೆಕ್ಸಿನ್‌ನವರಿಗೆ ಆ ಮೌನ ಕಚಗುಳಿ ಇಟ್ಟಿರಬೇಕು.

"ಒಂದು ವಿಷಯ ಸಾರ್. ಒಂದೂ ಮುಕ್ಕಾಲಿಗೆ ಗುಡುಗಪ್ಪ ಬಸ್ಸಿಂದ ಇಳಿದ. ಜೀವಮಾನದಲ್ಲಿ ಅವನು ಬಸ್ ಹತ್ತಿದ್ದು ನಾನು ಕಂಡಿಲ್ಲ. ವಾಪಸ್ ಹೋಗುವಾಗ ಬೆಡ್‌ಶೀಟಲ್ಲಿ ಏನೋ ಸುತ್ತಿ ಎದೆಗೆ ಅವಚ್ಕೊಂಡಿದ್ದ. ಮಗು ಅಂದ್ಕೊಂಡೆ. ಬಸ್ಸಲ್ಲಿ ಯಾರೋ ಎದ್ದು ಜಾಗನೂ ಬಿಟ್ಟುಕೊಟ್ರು."

ಆರೂ ಇಪ್ಪತ್ತಕ್ಕೆ ಜೀಪು ಗುಡುಗಪ್ಪನ ಮನೆ ಮುಂದೆ ನಿಂತಿತು. ಅಂಗಳದ ಬೈಕಿನಲ್ಲಿ ಸೀಟಿನ ಜಾಗಕ್ಕೆ ತಲೆದಿಂಬೊಂದನ್ನು ಹಗ್ಗದಿಂದ ಬಿಗಿಯಲಾಗಿತ್ತು. ಬಾಗಿಲು ತೆರೆದವನು ಬಾಗಿಲಷ್ಟೇ ಇದ್ದ.

"ನಿಮ್ಮ ಸೀಟು ಕಳುವಾಗಿದೆ," ಎಂದರು ಇನ್ಸ್‌ಪೆಕ್ಟರ್.

"ಹೌದಾ? ಹೋಗ್ಲಿ ಬಿಡಿ ಸಾರ್."

"ಮೂರು ತಿಂಗಳು ಕಾದವರು ಹೋಗಲಿ ಬಿಡಿ ಅಂತೀರಿ?"

"ಮೇಸ್ತ್ರಿಗಳು ಇನ್ನೊಂದು ಮಾಡ್ತಾರೆ. ಬರೀ ಹೂವಿಂದು."

"ಕೈ ತೋರಿಸಿ."

ಉಂಗುರದಲ್ಲಿ ಚಕ್ರ. ಚಕ್ರದಲ್ಲಿ ಆರು ಕಡ್ಡಿ. ಇನ್ಸ್‌ಪೆಕ್ಟರ್ ಕಾದರು. ಗುಡುಗಪ್ಪ ಗೋಡೆ ನೋಡಿದ, ನೆಲ ನೋಡಿದ, ದಫೇದಾರರನ್ನು ನೋಡಿದ. ಕೊನೆಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಒಳಗಿದ್ದಾಳೆ. ಬನ್ನಿ."

ಊಟದ ಮೇಜಿನ ಮುಂದಿನ ಕುರ್ಚಿಯ ಮೇಲೆ, ಎರಡು ದಿಂಬುಗಳಿಗೆ ಒರಗಿಕೊಂಡು ಸೀಟು ನೆಟ್ಟಗೆ ನಿಂತಿತ್ತು. ಫ್ಯಾನನ್ನು ಅದರ ಕಡೆಗೇ ತಿರುಗಿಸಲಾಗಿತ್ತು.

"ನೆಲದ ಮೇಲೆ ಇಡೋಕೆ ಆಗ್ಲಿಲ್ಲ ಸಾರ್. ಬೀರುವಿನೊಳಗಿಟ್ಟೆ, ಸೆಖೆ ಆಗುತ್ತೇನೋ ಅನ್ನಿಸ್ತು."

"ಬೂಟು ಯಾಕೆ ಬಿಚ್ಚಿದಿರಿ?"

"ಕಿಟಕಿಯಿಂದ ಇಣುಕಿದ್ರೆ ಅಮ್ಮ ನೋಡ್ತಿದ್ಲು. ಕೆಸರು ಕಾಲಲ್ಲಿ ಒಳಗೆ ಬಂದ್ರೆ ಬೈತಿದ್ಲು ಸಾರ್."

"ಕದ್ದಿದ್ದು ಯಾಕೆ?"

"ಇದ್ದಾಗ ಅವಳು ಭಯ ಅಂತ ಬೈಕೇ ಹತ್ತಲಿಲ್ಲ. ಸತ್ತ ಮೇಲಾದ್ರೂ ಜೊತೇಲಿ ಕರ್ಕೊಂಡು ಊರೆಲ್ಲ ತೋರಿಸೋಣ ಅಂತ ಮುಖ ಕೆತ್ತಿಸಿದೆ. ನಿನ್ನೆ ಮೇಸ್ತ್ರಿಗಳು ಕೂತ್ಕೊ ಅಂದ್ರು. ಕಾಲೆತ್ತಿದೆ. ಆಗ ಹೊಳೀತು, ಎಲ್ಲಿ ಕೂರ್ತಿದೀನಿ ಅಂತ."

"ಮೂರು ತಿಂಗಳು ಹೊಳೀಲೇ ಇಲ್ವಾ?"

"ಇಲ್ಲ ಸಾರ್. ನಾನು ಮುಖ ಒಂದನ್ನೇ ನೋಡ್ತಿದ್ದೆ."

"ನನಗೆ ಮೂರೂ ಹತ್ತಕ್ಕೇ ಹೊಳೆದಿತ್ತು," ಎಂದರು ದಫೇದಾರರು ಮೆಲ್ಲಗೆ.

"ಮೇಸ್ತ್ರಿಗೆ ಹೇಳಬಹುದಿತ್ತಲ್ಲ?" ಎಂದು ಇನ್ಸ್‌ಪೆಕ್ಟರ್ ಗುಡುಗಪ್ಪನನ್ನು ಕೇಳಿದರು.

"ಹೇಗೆ ಹೇಳ್ಲಿ? ಮಚ್ಚೆ ಎಡಕ್ಕಾ ಬಲಕ್ಕಾ ಅಂತ ನಾಲ್ಕು ಸಲ ಫೋನ್ ಮಾಡಿದ್ರು. ರೆಪ್ಪೆಗೇ ಒಂದು ವಾರ ತಗೊಂಡ್ರು. ಅಂಥವರ ಮುಂದೆ ಬೇಡ ಅನ್ನೋದಕ್ಕಿಂತ ಕದಿಯೋದೇ ಸುಲಭ ಅನ್ನಿಸ್ತು. ಆದ್ರೂ ಸಾರ್, ನನ್ನ ಸೀಟು ನಾನೇ ತಂದ್ರೆ ಕಳವಾ?"

"ಕೈಗೆ ಕೊಡುವ ತನಕ ಅದು ಮೇಸ್ತ್ರಿಯ ಸ್ವತ್ತು. ಕಿಟಕಿ ಕಿತ್ತು ತಂದರೆ ಕಳವು."

ಆರೂ ಐವತ್ತೈದಕ್ಕೆ ದಸ್ತಗಿರಿಯಾಯಿತು. ಮುದ್ದೇಮಾಲಾದ ಸೀಟನ್ನು ಜೀಪಿನ ನೆಲಕ್ಕೆ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ದಫೇದಾರರು ತೊಡೆಯ ಮೇಲಿಟ್ಟುಕೊಂಡರು. ದಾರಿಯಲ್ಲಿ ಹಳ್ಳ ಬಂದಾಗಲೆಲ್ಲ "ನಿಧಾನ ಕಣೋ, ವಯಸ್ಸಾದವರಿದ್ದಾರೆ" ಎಂದು ಚಾಲಕನಿಗೆ ಗದರಿದರು.

ಠಾಣೆಯಲ್ಲಿ ಮೇಸ್ತ್ರಿ ಕಳ್ಳನನ್ನು ನೋಡಲಿಲ್ಲ; ನೆಟ್ಟಗೆ ಸೀಟಿನ ಹತ್ತಿರ ಹೋಗಿ ದೀಪದ ಕೆಳಗೆ ತಿರುಗಿಸಿ ಗೀರು ಹುಡುಕಿದರು. ಒಂದೂ ಇರಲಿಲ್ಲ. ಆಮೇಲೆ ಇನ್ಸ್‌ಪೆಕ್ಟರ್ ಎಲ್ಲ ಹೇಳಿದರು.

"ಇದನ್ನೇ ಮೊದಲ ದಿನ ಬಡ್ಕೊಂಡೆ," ಎಂದರು ಜೊತೆಗೆ ಬಂದಿದ್ದ ಹೆಂಡತಿ. "ಇವರಿಗೆ ರೆಪ್ಪೆ ಕಾಣುತ್ತೆ, ಸೀಟು ಕಾಣಲ್ಲ."

ಮೇಸ್ತ್ರಿ ಗುಡುಗಪ್ಪನ ಕಡೆ ತಿರುಗಿದರು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರ ದನಿ ಮಾತ್ರ ಇಳಿದಿತ್ತು.

"ಹೋಲ್ತಾರೇನಪ್ಪಾ?"

"ಹೋಲೋದಕ್ಕೇ ಅಲ್ವಾ ಮೇಸ್ತ್ರಿಗಳೇ ಇಷ್ಟೆಲ್ಲ ಆಗಿದ್ದು."

ಮೇಸ್ತ್ರಿ ಕುರ್ಚಿಯಲ್ಲಿ ಕುಸಿದು ಕೂತು ಮುಖ ಒರೆಸಿಕೊಂಡರು.

ಶುಕ್ರವಾರ ನ್ಯಾಯಾಲಯವು ಆರೋಪಿಗೆ ಜಾಮೀನನ್ನೂ ಮೇಸ್ತ್ರಿಗೆ ಸೀಟನ್ನೂ ಕೊಟ್ಟಿತು. ಶನಿವಾರ ಪ್ರದರ್ಶನದಲ್ಲಿ ಅದನ್ನು ಬೈಕಿಗೆ ಹಾಕಲಿಲ್ಲ. ಗೋಡೆಯ ಮೇಲೆ ಆಳೆತ್ತರದಲ್ಲಿ ತೂಗುಹಾಕಿದರು. ಜನ ಮುಂದೆ ನಿಂತು ನೋಡುತ್ತ, ಕಾರಣ ತಿಳಿಯದೆಯೇ ದನಿ ತಗ್ಗಿಸಿ ಮಾತಾಡಿದರು.

ಅಂದು ಸಂಜೆ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ದಫೇದಾರರು ರೂಢಿಯಂತೆ 'ದುರಾಸೆ' ಎಂದು ಬರೆಯಹೊರಟರು. ಇನ್ಸ್‌ಪೆಕ್ಟರ್ ಪೆನ್ನು ಇಸಿದುಕೊಂಡು ತಾವೇ ಬರೆದರು: 'ಗಾಡಿ ಓಡಿಸಬೇಕಾದರೆ ಅದರ ಮೇಲೆ ಕೂರಬೇಕಿತ್ತು. ಆರೋಪಿಗೆ ಮನಸ್ಸು ಬರಲಿಲ್ಲ.'