ನೋಡಿ ಹೇಳ್ತೇವ್ರಿ

ಅಂಗೈ ಕನ್ನಡಿಗೆ ಹುಣ್ಣು ಬೇಕೇ? ಗಾದೆ ತಿರುವುಮುರುವಾಯಿತು ಎನ್ನಬೇಡಿ. ಕನ್ನಡಿಯ ಮುಂದೆ ಎಲ್ಲವೂ ಹಾಗೇ! ಕಥೆ ಮಾತ್ರ ನೇರ, ನಿಜ.

ಬೈಲಹೊಂಗಲದಲ್ಲಿ ಶಿವಾನಿಯ ಅಪ್ಪನದು ಕನ್ನಡಿ, ಫೋಟೋ ಕಟ್ಟಿನ ಅಂಗಡಿ. ಅಪ್ಪ ಊಟಕ್ಕೆ ಹೋದಾಗ ಅವಳದೊಂದು ಆಟ. ಎರಡು ಕನ್ನಡಿಗಳನ್ನು ಎದುರುಬದುರು ನಿಲ್ಲಿಸಿದರೆ ಒಂದರೊಳಗೊಂದು, ಕೊನೆಯೇ ಇಲ್ಲದ ಓಣಿ! ಆದರೆ ಇಣುಕಿದಾಗಲೆಲ್ಲ ಅವಳ ತಲೆಯೇ ಅಡ್ಡ. ಅದಕ್ಕೆ ಒಂದು ಕನ್ನಡಿಯ ಬೆನ್ನಿನ ಬಣ್ಣವನ್ನು ಬ್ಲೇಡಿನಿಂದ ಸಾಸಿವೆಯಷ್ಟು ಕೆರೆದು, ಹಿಂದೆ ಕುಳಿತು ಕಣ್ಣಿಟ್ಟಳು.

ಅಬ್ಬಾ... ತಾನಿಲ್ಲದ ಓಣಿ! ಎಷ್ಟು ದೂರ, ಎಷ್ಟು ಖಾಲಿ...

ಥಟ್ಟನೆ ಆ ಕನ್ನಡಿಗಳ ನಡುವೆ ಒಬ್ಬ ಬಂದು ನಿಂತ. ಒಬ್ಬನಲ್ಲ, ಸಾಲುಸಾಲು!

ಕಾಂತೇಶ!

ಬೇಸಿಗೆಯಲ್ಲಿ ರಾಮದುರ್ಗದಿಂದ ಅವಳನ್ನು ನೋಡಲು ಬಂದು, ಅವಳು ಕೊಟ್ಟ ಚಹಾ ಕುಡಿದು ಹೋಗಿದ್ದವನು. ‘ನೋಡಿ ಹೇಳ್ತೇವ್ರಿ’ ಎಂದಿದ್ದಳು ಅವನ ತಾಯಿ ಸಾವಿತ್ರೆವ್ವ. ಆ ಮಾತಿಗೆ ‘ಒಲ್ಲೆವು’ ಎಂದೇ ಅರ್ಥ, ಯಾರಿಗೆ ಗೊತ್ತಿಲ್ಲ? ಮುಂದೆ ಸುದ್ದಿಯೇ ಬರಲಿಲ್ಲ. ಸಾವಿತ್ರೆವ್ವನ ಮೂಗುದನಿ ತೆಗೆದು ಗೆಳತಿಯರನ್ನು ನಗಿಸಿ ನಗಿಸಿಯೇ ಶಿವಾನಿ ಆ ಕಹಿ ನುಂಗಿದ್ದಳು.

‘ಈಗ್ಯಾಕ ಬಂದ? ಬ್ಯಾರೆ ಹುಡುಗಿಗೆ ಕನ್ನಡಿ ಒಯ್ಯಾಕೇನು?’

ತಡೆಯಲಾಗಲಿಲ್ಲ. ಕನ್ನಡಿಯ ಹಿಂದಿನಿಂದಲೇ ಆ ದನಿ ತೆಗೆದಳು: “ಯಾಕೋ ಕಾಂತ್ಯಾ, ನೋಡೂದು ಇನ್ನಾ ಮುಗಿದಿಲ್ಲೇನು?”

ಅಷ್ಟೂ ಕಾಂತೇಶರು ನಡುಗಿದರು.

“ಅವ್ವಾ...?”

ಅವನ ಕಂಕುಳಿನ ಪೊಟ್ಟಣ ಜಾರಿ ಬಿತ್ತು. ಪೇಪರ್ ಹರಿಯಿತು. ಶಿವಾನಿ ಓಡಿ ಬಂದು ನೋಡಿದರೆ... ಸಾವಿತ್ರೆವ್ವನ ಫೋಟೋ. ಕೆಳಗೆ ‘ಲಿಂಗೈಕ್ಯ’ ಎಂದು ತಾರೀಖು.

“ತಪ್ಪಾತ್ರಿ! ನಂಗ ಗೊತ್ತಿರಲಿಲ್ರಿ...”

“ನಿಮ್ಮನ್ನ ನೋಡಿ ಹೋದ ನಾಕ ದಿನಕ್ಕ ತೀರಿಕೊಂಡ್ಳರಿ. ಬಸ್ಸಿನ್ಯಾಗನ ಒಪ್ಪಿದ್ಳು. ಹೇಳೂದೊಂದು ಉಳೀತು.”

“ನೀವರ ಹೇಳಬೇಕಿತ್ತಲ್ರಿ!”

“ಹುಡುಗಿ ಕಾಲ್ಗುಣ ಅಂತ ನಮ್ಮ ಮಂದಿ ಬಾಯಿ ತಗದ್ರು. ಅವರ ಬಾಯಿ ಮುಚ್ಚಸೂದ್ರಾಗ ಇಷ್ಟ ದಿನ ಹೋತು.”

ತಾನು ಅಣಕಿಸಿ ನಗುತ್ತಿದ್ದಾಗ ಅಲ್ಲಿ ಇವನೊಬ್ಬನೇ ತನಗಾಗಿ ಜಗಳಾಡುತ್ತಿದ್ದ... ಅವಳ ನಾಲಿಗೆಯೆಲ್ಲ ಬೇವಾಯಿತು.

“ಫೋಟೋಕ್ಕ ಕಟ್ಟು ಹಾಕೋರು ರಾಮದುರ್ಗದಾಗ ಇರಲಿಲ್ಲೇನ್ರಿ?”

“ಇದ್ರು. ನೀವು ಇರಲಿಲ್ಲ.”

ಶಿವಾನಿ ತಲೆ ತಗ್ಗಿಸಿದಳು.

“ಇನ್ನೊಮ್ಮೆ ಆ ದನಿ ತೆಗೀರಿ,” ಎಂದ ಮೆಲ್ಲಗೆ.

“ಬ್ಯಾಡ್ರಿ... ಪಾಪ ಹತ್ತತೈತಿ!”

“ತೆಗೀರಿ, ಶಿವಾನಿ.”

ಕೊನೆಗೆ ಆ ದನಿ ತೆಗೆದಳು: “ಏ ಖೋಡಿ! ಮಾರಿ ಸೊರಗಿ ಒಣಾ ಮೆಣಸಿನಕಾಯಿ ಆಗೇತಿ. ಉಂಡಿಯೇನೋ?”

“ಇಲ್ಲಬೇ ಯವ್ವಾ...”

ಎಂದವನೇ ನಕ್ಕ. ಅವಳೂ ಅಳುತ್ತಲೇ ನಕ್ಕಳು. ಆದರೆ ಧಾರಾಕಾರ ಕಣ್ಣೀರು ಸುರಿಸುತ್ತಿದ್ದ ಅವನ ನಗುವೇ ಜೋರು... ಅಂಗಡಿಯ ಗಾಜೆಲ್ಲ ಗಲಗಲ ಎನ್ನುವಷ್ಟು!