ಹೊಡೆದುಹಾಕಿದ ಕಥೆಗಳು

"ಈ ಕಥೆ ಸುಳ್ಳು!"

ಕೆಂಪು ಪೆನ್ಸಿಲ್ ಅವಳ ಹಾಳೆಯ ಮೇಲೆ ಓರೆಯಾಗಿ ಹರಿಯಿತು. ಅದು ತನ್ನ ಎದೆಯ ಮೇಲೆಯೇ ಹರಿದಂತೆನಿಸಿತು ಅವಳಿಗೆ.

ಇಂಗ್ಲಿಷ್ ಪದಗಳ ಹುಟ್ಟನ್ನು ಮಕ್ಕಳಿಗೆ ತಿಳಿಸುವ ಪದಕೋಶವೊಂದು ಆ ಕಚೇರಿಯಲ್ಲಿ ಸಿದ್ಧವಾಗುತ್ತಿತ್ತು. ಪದಗಳ ಕಥೆ ಬರೆಯುತ್ತಿದ್ದವಳು ಅವಳು. ಎಲ್ಲರ ಬಾಯಲ್ಲಿ 'ಕಥೆ ಮೇಡಂ'. ಬರೆದದ್ದನ್ನು ಪರಿಶೀಲಿಸಲೆಂದು ಅಂದಷ್ಟೇ ಕೆಲಸಕ್ಕೆ ಸೇರಿದವನು ಅವನು.

"ಹಳೇ ರೋಮಿನ ಶಿಲ್ಪಿಗಳು ಕಲ್ಲಿನ ಬಿರುಕಿಗೆ ಮೇಣ ತುಂಬಿ ಮೋಸ ಮಾಡ್ತಿದ್ರು. 'ಸಿನೆ ಸೆರಾ' ಅಂದ್ರೆ ಮೇಣ ಇಲ್ಲದ್ದು. ಮೇಣ ಹಚ್ಚದವನೇ 'ಸಿನ್ಸಿಯರ್'... ಇಷ್ಟು ಚೆಂದದ ಕಥೇನ ಹೊಡೆದುಹಾಕ್ತೀರಲ್ರೀ!"

"ಚೆಂದ ಅನ್ನೋದು ಆಧಾರ ಅಲ್ಲ ಮೇಡಂ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಶುದ್ಧ ಅಂತಷ್ಟೇ ಅರ್ಥ. ಮೇಣ ಆಮೇಲೆ ಯಾರೋ ಮೆತ್ತಿದ್ದು."

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಸಂಜೆಯೊಳಗೆ ಅವನಿಗೆ 'ಕತ್ತರಿ' ಎಂಬ ಹೆಸರು ಬಿದ್ದಿತ್ತು. ಇಟ್ಟವಳು ಅವಳೇ!

ಆ ಕಚೇರಿಗೊಂದು ಕಟ್ಟಳೆ. ಯಾವ ಪದದ ಹುಟ್ಟೂ ಎರಡು ಆಧಾರಗಳಿಲ್ಲದೆ ಅಚ್ಚಿಗೆ ಹೋಗುವಂತಿಲ್ಲ. ಎರಡನೆಯದು ಮೊದಲನೆಯದನ್ನು ನೋಡಿ ಬರೆದದ್ದಾಗಿರಬಾರದು. ಅವಳ ಕಥೆಗಳು ಅಲ್ಲಿಯೇ ಎಡವುತ್ತಿದ್ದವು.

ಆದರೆ 'ವಿಂಡೋ' ಗೆದ್ದಿತು. ಯುರೋಪಿನ ಉತ್ತರ ಕಡಲತೀರದ ಹಳೆಯ ನುಡಿಯಲ್ಲಿ ಅದು ಗಾಳಿಯ ಕಣ್ಣು! ಅವನು ಓದಿದ, ತಲೆಯೆತ್ತಿ ಕಿಟಕಿಯತ್ತ ನೋಡಿದ. ಪರದೆ ರೆಪ್ಪೆಯಂತೆ ಅಲುಗಿತು.

"ಸರಿಯಾಗಿದೆ" ಎಂದ. ಅಷ್ಟೇ.

'ಇನ್ನೊಂದು ಮಾತು ಆಡಿದ್ರೆ ಇವನ ಗಂಟೇನು ಹೋಗ್ತಿತ್ತು?' ಎಂದು ಅವಳ ಮನಸ್ಸು ಮುನಿಯಿತು. ಆ ಮುನಿಸಿನ ಅಡಿಯಲ್ಲಿ, ಅವನು ಬರುವ ಹೆಜ್ಜೆಗೆ ಕಿವಿಗೊಡುವ ಅಭ್ಯಾಸವೊಂದು ತಾನಾಗಿ ಬೆಳೆಯುತ್ತಿತ್ತು. ಅದೇ ಅವಳನ್ನು ಹೆಚ್ಚು ನೋಯಿಸಿತು. ತನ್ನ ಬರಹವನ್ನು ತಿರಸ್ಕರಿಸುವವನಿಗಾಗಿ ಕಾಯುವುದೆ?

ವ್ಯಾಕರಣ ವಿಭಾಗದಲ್ಲೊಂದು ಜಾಗ ತೆರವಾದಾಗ ಸಂಪಾದಕರು, "ಮಧ್ಯಾಹ್ನದೊಳಗೆ ಹೇಳಿಬಿಡಮ್ಮಾ, ಹೋಗ್ತೀಯೋ ಇಲ್ವೋ" ಎಂದರು.

ಹೋಗುವುದೆಂದು ನಿಶ್ಚಯಿಸಿ ಎದ್ದಳು. ಇನ್ನು ಕಥೆಗಳಿಲ್ಲ... ಕತ್ತರಿಯೂ ಇಲ್ಲ.

ಸಂಪಾದಕರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದ ಹಿರಿಯ ಹೆಂಗಸೊಬ್ಬರು ಕುಳಿತಿದ್ದರು.

"ಕಥೆ ಮೇಡಂ, ಸಾಹೇಬ್ರು ಫೋನಲ್ಲಿದ್ದಾರೆ, ಸ್ವಲ್ಪ ತಡೀರಿ" ಎಂದ ಜವಾನ.

ಹೆಂಗಸಿನ ಮುಖ ಅರಳಿತು. "ಯಾರು, ಕಥೆ ಮೇಡಮ್ಮಾ? ಮೇಣದ ಕಥೆ ಬರೆದದ್ದು ನೀನೇನೇ ತಾಯಿ?"

ಅವಳು ಬೆಚ್ಚಿದಳು. "ಅದು ಅಚ್ಚಾಗಲೇ ಇಲ್ವಲ್ಲಮ್ಮಾ... ನಿಮಗೆ ಹೇಗೆ ಗೊತ್ತು?"

"ನನ್ನ ಮಗ ಹೇಳ್ದ. ಕಣ್ಣಿನ ಆಪರೇಷನ್ ಆದ್ಮೇಲೆ ನಂಗೆ ಓದೋಕಾಗಲ್ಲ. ಸಂಜೆ ಮನೆಗೆ ಬಂದವನೇ ಹೊಡೆದುಹಾಕಿದ್ದನ್ನೆಲ್ಲ ಒಪ್ಪಿಸ್ತಾನೆ. 'ಸುಳ್ಳೇ ಅಮ್ಮಾ, ಆದ್ರೆ ಎಷ್ಟು ಚೆಂದ ಕೇಳು' ಅಂತಾನೆ. ಒಂದಕ್ಷರ ಮರೆಯಲ್ಲ! ಚಿಕ್ಕವನಿದ್ದಾಗ ಮಗ್ಗಿ ಮಾತ್ರ ಬಾಯಿಗೇ ಬರ್ತಿರ್ಲಿಲ್ಲ ನೋಡು."

ಅವಳು ತಿರುಗಿ ಅವನ ಮೇಜಿನತ್ತ ನೋಡಿದಳು.

ಅಷ್ಟರಲ್ಲಿ ಅವನು ಬಂದ. "ಅಮ್ಮಾ, ಡಾಕ್ಟರ ಹತ್ರ ಹೋಗೋ ಹೊತ್ತಾ..." ಅವಳನ್ನು ಕಂಡು ಮಾತು ನಿಂತಿತು.

"ನನಗೆ ಒಂದು ಸಲಾನೂ ಯಾಕೆ ಹೇಳಲಿಲ್ಲ?" ಎಂದು ಅವಳು ಕೇಳಿದಳು.

"ಹೇಳಿದ್ರೆ ಪೆನ್ಸಿಲ್ ಸಡಿಲ ಆಗ್ತಿತ್ತು. ನೀವು ಬರೆದದ್ದರಲ್ಲಿ ಒಂದು ತಪ್ಪು ಅಚ್ಚಾಗಿ, ಯಾರಾದ್ರೂ ನಕ್ಕರೆ... ನನಗೆ ತಡಕೊಳ್ಳೋಕಾಗಲ್ಲ."

"ಯಾಕೆ?"

ಅವನು ನೆಲ ನೋಡಿದ. "ನೀವಂದ್ರೆ ನನಗೆ ಇಷ್ಟ. ಬಹಳ."

ಅವಳೊಳಗೆ ಏನೋ ಹಗುರಾಗಿ ಎದ್ದು ನಿಂತಿತು. ಮುಖ ಮಾತ್ರ ಬಿಗಿದುಕೊಂಡಳು. "ಆಧಾರ?"

"ಅಮ್ಮ."

"ಒಂದೇ ಆಯ್ತಲ್ಲ. ಎರಡು ಬೇಕು."

ಅವನು ನಿಜವಾಗಿಯೂ ಯೋಚನೆಗೆ ಬಿದ್ದ! ಆ ಪೆಚ್ಚು ಮುಖ ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ.

"ಎರಡನೇದು ನಾನು ಅಂತ ಬರ್ಕೊಳ್ಳಿ. ಇವರನ್ನ ನೋಡಿ ಬರೆದದ್ದಲ್ಲ... ನಂದು ನಂದೇ."

"ಕಣ್ಣು ಕಾಣೋಲ್ಲ ಅಷ್ಟೇ, ಕಿವಿ ಚೆನ್ನಾಗೇ ಇದೆ ಮಕ್ಕಳೇ!" ಎಂದರು ತಾಯಿ.

ಬಾಗಿಲು ತೆರೆದು ಸಂಪಾದಕರು ಇಣುಕಿದರು. "ಏನಮ್ಮಾ, ವ್ಯಾಕರಣಕ್ಕೆ ಹೋಗ್ತೀಯಾ?"

"ಇಲ್ಲ ಸರ್. ಕಥೆಗಳು ಬಾಕಿ ಇವೆ."

ತಾಯಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಮೇಣದ ಕಥೆ ನಿನ್ನ ಬಾಯಿಂದಲೇ ಹೇಳೇ. ಇವನು ಸಾಲಿಗೊಂದು 'ಆದರೆ' ಸೇರಿಸ್ತಾನೆ."

ಅವಳು ಹೇಳಿದಳು. ಕಲ್ಲು, ಬಿರುಕು, ಬಿಸಿಲಿಗೆ ಕರಗಿಳಿಯುವ ಮೇಣ... ಅವನು ಉಸಿರೆತ್ತದೆ ಕೇಳಿದ. ಮುಗಿದಾಗ ಅವನ ತುಟಿ ಅಲುಗಿತು.

"ಆದರೆ..."

"ಏನ್ರೀ ಆದರೆ?"

"ಆದರೆ... ಇನ್ನೊಂದು ಸಲ ಹೇಳ್ತೀರಾ?"