ಒಂದು ಹಲ್ಲು ಆಚೆ

"ಅಲೈನ್‌ಮೆಂಟ್ ಮಾಡೋಕೆ ಬರಲ್ಲ ಅಂದ್ರೆ ಕೆಲಸ ಬಿಟ್ಬಿಡಿ!"

ಅಪ್ಪನ ಗ್ಯಾರೇಜಿನ ಅಂಗಳದಲ್ಲಿ ಅವಳು ಕೂಗಿದ ಕೂಗಿಗೆ ಎಲ್ಲರೂ ತಲೆಯೆತ್ತಿದರು. ರಿಪೇರಿಗೆ ಬಂದಿದ್ದ ಟೀಚರಮ್ಮನ ಕಾರಿನಲ್ಲಿ ಎಚ್ಚರಿಕೆಯ ಹಳದಿ ದೀಪ ಮತ್ತೆ ಹತ್ತಿಕೊಂಡಿತ್ತು. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಕಾರಿಗೆ ತಿಳಿಸುವ ಸೆನ್ಸರ್, ನೇರ ರಸ್ತೆಯಲ್ಲೂ ತಿರುವು ತೋರಿಸುತ್ತಿತ್ತು.

ಕಾರಿನ ದೋಷ ಓದುವ ಸ್ಕ್ಯಾನರ್ ಹಿಡಿಯುವವಳು ಅವಳು. ಅಲೈನ್‌ಮೆಂಟ್ ಅಂದರೆ ಚಕ್ರ ನೇರ ಮಾಡುವವನು, ಈಗ ಬೈಸಿಕೊಂಡು ಎದುರಿಗೆ ನಿಂತಿದ್ದ ಅವನು. ಅಂದಮೇಲೆ ತಪ್ಪು ಅವನದೇ!

ಗ್ಯಾರೇಜಿನವರು ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಅವತ್ತೂ ಹೆಸರು ಉಳಿಸಿಕೊಂಡ. ಅವಳನ್ನೊಮ್ಮೆ ನೋಡಿ ಕೈ ಒರೆಸಿಕೊಂಡ, ಅಷ್ಟೇ. ಅಪ್ಪ ನಾಳೆಯಿಂದ ಬರಬೇಡ ಎಂದುಬಿಟ್ಟರು.

ಆ ನೋಟ... ಛೆ! ದಿನಾ ತನ್ನ ಟೀ ಆರದಂತೆ ಮುಚ್ಚಿಡುವವನು ಅವನೇ ಎಂದು ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದಳಲ್ಲ, ಮಹರಾಯಿತಿ!

ಸೆನ್ಸರನ್ನೂ ಒಮ್ಮೆ ನೋಡಿಬಿಡೋಣವೆಂದು ಸ್ಟೀರಿಂಗಿನ ಮುಚ್ಚಳ ಬಿಚ್ಚಿದಳು. ಕೈ ಅಲ್ಲೇ ನಿಂತಿತು.

ಹೋದ ವಾರ ಹಾರ್ನ್ ಸರಿಮಾಡಲು ಈ ಸ್ಟೀರಿಂಗ್ ಕಳಚಿದ್ದವಳು ಅವಳೇ. ಮತ್ತೆ ಅದೇ ಜಾಗದಲ್ಲಿ ಕೂರಿಸಲೆಂದು ಸ್ಟೀರಿಂಗಿಗೂ ಒಳಗಿನ ದಂಡಕ್ಕೂ ಬಿಳಿ ಬಣ್ಣದ ಗುರುತು ಹಾಕಿದ್ದಳು. ಈಗ ಆ ಗುರುತುಗಳು ಎದುರುಬದುರು ಇರಲಿಲ್ಲ. ಆತುರದಲ್ಲಿ ಸ್ಟೀರಿಂಗನ್ನು ದಂಡದ ಹಲ್ಲುಗಳ ಮೇಲೆ ಒಂದು ಹಲ್ಲು ಆಚೆ ಕೂರಿಸಿದ್ದಳು!

ಆಮೇಲೆ ಅವನು ಪಾಪ, ಅವಳು ಕೂರಿಸಿದ ಸ್ಟೀರಿಂಗಿಗೆ ಸರಿಯಾಗಿ ಚಕ್ರಗಳನ್ನು ನೇರ ಮಾಡಿದ್ದ. ಒಳಗಿನ ದಂಡ ಮಾತ್ರ ತಿರುಗಿಕೊಂಡಿತ್ತು. ದಂಡದ ತಿರುವು ಅಳೆಯುವ ಸೆನ್ಸರ್ ಹೇಳಿದ್ದು ನಿಜವೇ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಗುರುತು ಒರೆಸಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು... ಆದರೆ ಮೂಲೆಯಲ್ಲಿ ಅವನು ಸ್ಪಾನರ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದ.

ಅಪ್ಪನನ್ನೂ ಟೀಚರಮ್ಮನನ್ನೂ ಕರೆದಳು. ಕೂಗಾಡಿದ ಜಾಗದಲ್ಲೇ ನಿಂತು, ಎಲ್ಲರ ಮುಂದೆ ಆ ಗುರುತು ತೋರಿಸಿದಳು. "ತಪ್ಪು ನಂದಪ್ಪ. ಬೈದಿದ್ದೂ ತಪ್ಪು."

ಅಪ್ಪ ಮುಖ ಗಂಟಿಕ್ಕಿಕೊಂಡರು. "ನಿನ್ನ ಮಾತು ಕೇಳಿ ಕಳಿಸ್ದೆ. ವಾಪಸ್ ಕರೆಯೋದೂ ನೀನೇ ಕರಿ."

ಚೀಲ ಹೆಗಲಿಗೇರಿಸಿದ್ದವನ ಮುಂದೆ ಅವಳು ತಲೆತಗ್ಗಿಸಿ ನಿಂತಳು. "ನಿಮಗೆ ಮೊದಲೇ ಗೊತ್ತಿತ್ತಾ?"

"ಅನುಮಾನ ಇತ್ತು. ನೀವು ಸ್ಟೀರಿಂಗ್ ತೆಗೆದಿದ್ದು ನೋಡಿದ್ದೆ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಅಷ್ಟು ಜನರ ಮುಂದೆ ನಿಮ್ಮ ಮುಖ ಬಾಡೋದು ನೋಡೋಕಾಗ್ತಿರ್ಲಿಲ್ಲ."

ಅದೇ ಜನರ ಮುಂದೆ ತಾನು ಅವನ ಮಾನ ಕಳೆದಿದ್ದಳು! ಅವಳ ಕಣ್ಣು ತುಂಬಿ ಬಂತು.

"ಹೋಗ್ಬೇಡಿ..."

"ಗ್ಯಾರೇಜಿಗೆ ಆಳು ಬೇಕಲ್ವಾ, ಅದಕ್ಕಾ?"

"ಅಲ್ಲ." ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸ್ ಮೆತ್ತಿಕೊಂಡಳು. "ನನಗೆ ನೀವು ಬೇಕು."

ಮೌನಿ ಚೀಲ ಕೆಳಗಿಟ್ಟ. ಬೆಂಚಿನ ಮೇಲಿದ್ದ ಅವಳ ಟೀ ಲೋಟದ ಮುಚ್ಚಳ ತೆಗೆದು ಅವಳ ಕೈಗಿತ್ತ. ಅಷ್ಟೆಲ್ಲ ಬೈಸಿಕೊಂಡ ಮೇಲೂ ಮುಚ್ಚಿಟ್ಟಿದ್ದ!

"ಮೊದಲು ಟೀ ಕುಡೀರಿ. ಆಮೇಲೆ ಇಬ್ರೂ ಸೇರಿ ಸರಿಮಾಡೋಣ."